ದಣಿವಿಗೂ ಒಂದು ಲೆಕ್ಕವುಂಟು



ರಾಜ್ಯೋತ್ಸವದ ಈ ಶುಭ ಸಮಾರಂಭದಲ್ಲಿ ನಾಡುನುಡಿಯ ಹಿರಿಮೆಯನ್ನು ಬಲ್ಲವರು ಈಗಾಗಲೇ ಹೇಳಿದ್ದಾರೆ. ನಾವು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿರುವವರು. ಲೆಕ್ಕವೊಂದೇ ನಮಗೆ ತಿಳಿದ ವಿದ್ಯೆ. ಆದುದರಿಂದ ಲೆಕ್ಕಕ್ಕೆ ಸಿಕ್ಕದೆ ಉಳಿದ ಒಂದು ವಿಷಯವನ್ನು ಕುರಿತು ನಾಲ್ಕು ಮಾತನಾಡಲು ತಮ್ಮ ಅಪ್ಪಣೆ ಬೇಡುತ್ತೇವೆ. ಅದು ದಣಿವು.

ನಮ್ಮ ತಮ್ಮನಿಗೆ ಹುಟ್ಟಿದಂದಿನಿಂದ ಸೆರೆಬ್ರಲ್ ಪಾಲ್ಸಿ. ಪ್ರಸವಕ್ಕೆ ಮೊದಲೋ, ಆ ಸಮಯದಲ್ಲೋ, ಶೈಶವದಲ್ಲೋ ಮೆದುಳಿಗಾದ ಪೆಟ್ಟಿನಿಂದ ಸ್ನಾಯುಗಳು ಹೇಳಿದಂತೆ ಕೇಳದಿರುವ ಸ್ಥಿತಿಯಿದು. ಆ ಪೆಟ್ಟು ಬೆಳೆಯುವುದಿಲ್ಲ. ಆದರೆ ಬಿಗಿದ ಸ್ನಾಯುಗಳೊಡನೆ ಹೆಣಗಿದ ದೇಹ ವಯಸ್ಸಾದಂತೆ ಬೇಗ ಸವೆಯುತ್ತದೆ.

ಅವನಿಗೆ ದಾದರಿನಲ್ಲಿ ಕೆಲಸ. ಚೆಂಬೂರಿನಲ್ಲಿ ಲೋಕಲ್ ಹಿಡಿದು, ಕುರ್ಲಾದಲ್ಲಿ ಸೇತುವೆ ಹತ್ತಿಳಿದು ಗಾಡಿ ಬದಲಿಸಬೇಕು. ಸಂಜೆ ಬಂದವನು ಊಟವನ್ನೂ ಬಿಟ್ಟು ಮಲಗುತ್ತಿದ್ದ. ಸಂಘದ ನಾಟಕಕ್ಕೆ ಕರೆದರೆ ಬಾರನು. ಆಲಸ್ಯವೆಂದು ಗದರಿಸಿದೆವು. ಒಂದು ದಿನ ಅವನೆಂದ: “ಅಣ್ಣಾ, ಜ್ವರ ಬಂದರೆ ಥರ್ಮಾಮೀಟರ್ ನೋಡಿ ನಂಬುತ್ತೀರಿ. ದಣಿವಿಗೆ ನನ್ನ ಬಾಯಿಮಾತಲ್ಲದೆ ಇನ್ನೇನು ತೋರಿಸಲಿ? ಕೆಲಸ ಬಿಟ್ಟುಬಿಡಲೇ?” ನಮ್ಮಲ್ಲಿ ಉತ್ತರವಿರಲಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಅನೇಕ ಸವಲತ್ತುಗಳಿಗೆ ಶೇಕಡಾ 40ರ ಪ್ರಮಾಣಪತ್ರ ಕೇಳುತ್ತದೆ. ಆ ಅಂಕಿ ಊನವನ್ನು ಹೇಳುತ್ತದೆ. ಬುಧವಾರ ಸಂಜೆಯ ದಣಿವನ್ನು ಹೇಳದು. ದಣಿವನ್ನು ಅಳೆಯಲು ದಣಿದವನನ್ನೇ ಕೇಳಬೇಕು. 1989ರಲ್ಲಿ ಪ್ರಕಟವಾದ ಒಂದು ಅಳತೆಪಟ್ಟಿಯಲ್ಲಿ 9 ವಾಕ್ಯಗಳಿವೆ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಸರಾಸರಿ 4 ದಾಟಿದರೆ ದಣಿವು ಗಮನಿಸತಕ್ಕದ್ದೆಂದು ಎಣಿಕೆ. ನಾರ್ವೆ ದೇಶದಲ್ಲಿ ಸೆರೆಬ್ರಲ್ ಪಾಲ್ಸಿಯುಳ್ಳ 406 ಮಂದಿ ವಯಸ್ಕರನ್ನು ಇಂಥದೇ ಇನ್ನೊಂದು ಪ್ರಶ್ನಾವಳಿಯಿಂದ ವಿಚಾರಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈಯ ದಣಿವು ಇತರರಿಗಿಂತ ಹೆಚ್ಚು. ಮನಸ್ಸಿನ ದಣಿವು ಹೆಚ್ಚಲ್ಲ! ಇದನ್ನೋದಿ ನಮಗೆ ನಾಚಿಕೆಯಾಯಿತು.

ಮನೆಯಲ್ಲಿ ಒಂದು ನೋಟುಪುಸ್ತಕ ಇಟ್ಟೆವು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅವನೇ 0ಯಿಂದ 10ರೊಳಗೆ ಒಂದು ಅಂಕಿ ಬರೆದು, ಪಕ್ಕದಲ್ಲಿ ಅದುವರೆಗೆ ಮಾಡಿದ್ದನ್ನು ಗುರುತಿಸಬೇಕು. ಇದು ವೈದ್ಯರ ಅಳತೆಯಲ್ಲ, ಮನೆಯ ಲೆಕ್ಕ. ನಾಲ್ಕು ವಾರದಲ್ಲಿ ತಿಳಿದುದೇನೆಂದರೆ, ಅವನನ್ನು ದಣಿಸುತ್ತಿದ್ದುದು ಕೆಲಸವಲ್ಲ, ಮೆಟ್ಟಿಲು ಮತ್ತು ಜನಸಂದಣಿ. ಪುಸ್ತಕ ನೋಡಿದ ಮಾಲೀಕರು ವೇಳೆ ಬದಲಿಸಿಕೊಟ್ಟರು. ರಾತ್ರಿಯ 9 ಈಗ ಸಾಮಾನ್ಯವಾಗಿ 6. ದಣಿವು ಹೋಗಿಲ್ಲ, ಕೆಲಸ ಉಳಿದಿದೆ.

ಮಿಥು ಅಲೂರ್ ಅವರು ಮಗಳು ಮಾಲಿನಿಯಂಥ ಮಕ್ಕಳಿಗಾಗಿ 1972ರಲ್ಲಿ ಈ ಮುಂಬಯಿಯಲ್ಲೇ ಸ್ಪಾಸ್ಟಿಕ್ಸ್ ಸೊಸೈಟಿ ಸ್ಥಾಪಿಸಿದರು. 1980ರಲ್ಲಿ ಬೆಂಗಳೂರಿನಲ್ಲೂ ಅಂಥ ಸಂಸ್ಥೆ ಹುಟ್ಟಿತು. ಮಾಲಿನಿ ಛಿಬ್ ಬೆಳೆದು, ಒಂದೇ ಬೆರಳಿನಿಂದ ಟೈಪು ಮಾಡಿ, 2010ರಲ್ಲಿ ಆತ್ಮಕಥೆ ಪ್ರಕಟಿಸಿದರು. ಮಕ್ಕಳಿಗೆ ಶಾಲೆ ಬೇಕೆಂದು ಅರಿತ ನಾವು, ಆ ಮಕ್ಕಳು ದೊಡ್ಡವರಾಗಿ ದುಡಿದು ದಣಿಯುತ್ತಾರೆಂಬುದನ್ನೂ ಅರಿಯಬೇಡವೇ?

ಊರು ಬಿಟ್ಟು ಬಂದ ನಮಗೆ ಈ ಸಂಘವೇ ನಂಟರ ಮನೆ. ಇಂಥವರು ಸಭೆಗೆ ಬಾರದಿದ್ದರೆ ಆಕ್ಷೇಪಿಸುವ ಮುನ್ನ “ಇವತ್ತು ದಣಿವು ಎಷ್ಟು?” ಎಂದು ಕೇಳೋಣ, ಹೇಳಿದ ಅಂಕಿಯನ್ನು ನಂಬೋಣ, ಬಾಗಿಲ ಬಳಿ ಒಂದು ಕುರ್ಚಿ ಕಾದಿರಿಸೋಣ. ಇಂದು ಅಂಥದೊಂದು ಕುರ್ಚಿಯಲ್ಲಿ ನಮ್ಮ ತಮ್ಮ ಕುಳಿತಿದ್ದಾನೆ.