ಹಸಿ ಹೊಲದ ಮೇಲೆ ಎಂಟು ಟನ್

ಒಂದು ಜೋಡಿ ಎತ್ತಿನ ತೂಕ 1 ಟನ್ ಆಸುಪಾಸು. ದೊಡ್ಡ ಕಂಬೈನ್ ಹಾರ್ವೆಸ್ಟರ್ ತೂಕ 8 ಟನ್ ದಾಟುತ್ತೆ. ಬೀದರ್, ಧಾರವಾಡದ ಕಪ್ಪು ಹೊಲಗಳಿಗೆ ಅದು ಸೋಯಾ ಕೊಯ್ಲಿಗೆ ಇಳಿಯೋ ಹೊತ್ತಿಗೆ ಎಷ್ಟೋ ಸಲ ಮಳೆ ಇನ್ನೂ ಬಿಟ್ಟಿರಲ್ಲ.

ಹಸಿ ಮಣ್ಣು ಆ ಭಾರಕ್ಕೆ ಅದುಮಿಹೋಗುತ್ತೆ. ಗಾಳಿ, ನೀರು ಓಡಾಡೋ ಸಂದುಗಳು ಮುಚ್ಚುತ್ತವೆ. ನಾನು ಓದಿದ್ದು ಇಂಜಿನಿಯರಿಂಗ್, ಒಂದು ಲೆಕ್ಕ ಹೇಳ್ತೀನಿ. ಅಗಲದ ಟೈರ್ ಹಾಕಿದ್ರೆ ಮೇಲ್ಮಣ್ಣಿಗೆ ಪೆಟ್ಟು ಕಡಿಮೆ. ಆದರೆ ಆಳದ ಮಣ್ಣನ್ನು ಒತ್ತೋದು ಆಕ್ಸಲ್ ಮೇಲಿನ ಒಟ್ಟು ಭಾರ. ಮೇಲಿನ ಗಟ್ಟಿಯನ್ನು ನೇಗಿಲು ಒಡೆಯುತ್ತೆ. ಒಂದಡಿ ಕೆಳಗಿನದು ಸುಲಭಕ್ಕೆ ಬಿಡೋದಿಲ್ಲ.

ಸೋಯಾ ಆದಮೇಲೆ ಅದೇ ಹೊಲಕ್ಕೆ ಕಡಲೆ. ಹಿಂಗಾರಿನ ಕಡಲೆ ಬದುಕೋದೇ ನೆಲದೊಳಗಿನ ತೇವದ ಮೇಲೆ. ಬೇರು ಅಲ್ಲಿಗೆ ಇಳಿಯೋಕೇ ಆಗದಿದ್ರೆ?

ರೈತನನ್ನು ಬೈಯೋದು ಸುಲಭ. ಬಾಡಿಗೆ ಯಂತ್ರ ಬಂದ ದಿನವೇ ಅವನಿಗೆ ಕೊಯ್ಲಿನ ದಿನ. ಯಂತ್ರಕ್ಕೆ ಸಬ್ಸಿಡಿ ಕೊಡೋ ಸರ್ಕಾರ, ನೆಲ ಆರೋವರೆಗೆ ಕಾಯೋ ಅವಕಾಶವನ್ನೂ ಕೊಡಬೇಕಲ್ವಾ?

ಕಾಯೋಕೆ ಆಗದಿದ್ರೆ, ತುಂಬಿದ ಟ್ರೇಲರನ್ನಾದ್ರೂ ಬದುವಿನ ಹತ್ತಿರವೇ ನಿಲ್ಲಿಸಿ. ಹೊಲದೊಳಗೆ ಒಂದೇ ಜಾಡಿನಲ್ಲಿ ಓಡಿಸಿ. ಹೆಚ್ಚಿನ ಹಾನಿ ಆಗೋದು ಚಕ್ರ ಮೊದಲ ಸಲ ಹಾದಾಗಲೇ. ತುಳಿದ ಜಾಗವನ್ನೇ ತುಳಿದರೆ ಉಳಿದ ಹೊಲ ಉಸಿರಾಡುತ್ತೆ.