ಅವ್ವನ್ನ ಕೇಳಿದೇನು?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ. ಭಾಷಣಕಾರರು: ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)



ಸಂಘಟಕರು ಫೋನ್ ಮಾಡಿದಾಗ, "ಮಕ್ಕಳಿಗೆ ಕಂಪನಿ ನೌಕರಿ ಹೆಂಗ ಸಿಗತೈತಿ ಅನ್ನೋದು ನಾಕು ಮಾತು ಹೇಳ್ರಿ" ಅಂದರು. ಅದನ್ನು ಹೇಳುವವರು ಇಲ್ಲಿ ಇನ್ನೂ ಹಲವರಿದ್ದಾರೆ. ನಾನು ನೌಕರಿ ಸಿಕ್ಕ ಮೇಲೆ ಊರಿನ ಮನೆಯಲ್ಲಿ ಉಳಿಯುವವರ ಬಗ್ಗೆ ಮಾತಾಡುತ್ತೇನೆ. ಗುರುಗಳು ಕ್ಷಮಿಸಬೇಕು.

ನವಿಲುತೀರ್ಥದ ಕಡೆಯಿಂದ ಬರುವ ಮಲಪ್ರಭೆಯ ನೀರು ನಮ್ಮ ಅಮ್ಮಿನಬಾವಿಯ ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತದೆ. ಈ ಶಾಲೆಯೂ ನಮ್ಮನ್ನು ಹಾಗೇ ತಿದ್ದಿ ತೀಡಿ ಪಟ್ಟಣಕ್ಕೆ ಕಳಿಸಿತು. ಹೋದ ನೀರು ತಿರುಗಿ ಬರುವುದಿಲ್ಲ. ನಾವೂ ಬರುವುದು ಜಾತ್ರೆಗೆ, ದೀಪಾವಳಿಗೆ, ಮದುವೆಗೆ. ಉಳಿದ ದಿನ ನಮ್ಮ ಓಣಿಯಲ್ಲಿ ಕಟ್ಟೆಯ ಮೇಲೆ ಕೂತಿರುವವರನ್ನು ಎಣಿಸಿರಿ, ಅರವತ್ತು ದಾಟಿದವರೇ ಹೆಚ್ಚು. 2011ರ ಜನಗಣತಿಯ ಪ್ರಕಾರವೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು. ಅದರಲ್ಲಿ ಒಬ್ಬಳು ನಮ್ಮ ಅವ್ವ.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಮೂರನೇ ಅಂತಸ್ತಿನ ಮನೆ. ನಾನೂ ನನ್ನ ಹೆಂಡತಿಯೂ ಮುಂಜಾನೆ ಎಂಟಕ್ಕೆ ಹೊರಬಿದ್ದರೆ ಮರಳುವುದು ರಾತ್ರಿ ಎಂಟಕ್ಕೆ. ಟಿವಿ ಇತ್ತು, ಫ್ರಿಜ್ಜು ಇತ್ತು, ಲಿಫ್ಟ್ ಇತ್ತು. ಲಿಫ್ಟಿನೊಳಗೆ ಒಬ್ಬಳೇ ಹೋಗಲು ಆಕೆಗೆ ಅಂಜಿಕೆ. ಐದು ತಿಂಗಳಾದ ಮೇಲೆ ಒಂದು ದಿನ, "ತಮ್ಮಾ, ನಾ ಊರಿಗೆ ಹೋಗತೇನಿ. ಇಲ್ಲಿ ನನ್ನ ಹೆಸರು ಹಿಡದು ಕರಿಯೋರು ಒಬ್ರೂ ಇಲ್ಲ" ಅಂದಳು. ನಾನು ಬೇಸರ ಮಾಡಿಕೊಂಡೆ. ಇಷ್ಟು ಮಾಡಿದರೂ ಹೀಗಂತಾಳಲ್ಲ ಅನ್ನಿಸಿತು.

ಊರಿಗೆ ಬಂದ ಎರಡನೇ ಮಳೆಗಾಲದಲ್ಲಿ, ನಸುಕಿನಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಹಾಲು ಕೊಡಲು ಬಂದ ಹುಡುಗ ಬಾಗಿಲು ಬಡಿದು ಬಡಿದು, ಒಳಗಿನ ನರಳಾಟ ಕೇಳಿ ಮಂದಿಯನ್ನು ಕೂಡಿಸುವವರೆಗೆ ಎರಡು ತಾಸು ಆಕೆ ತಣ್ಣನೆಯ ಕಲ್ಲಿನ ಮೇಲೆ ಬಿದ್ದಿದ್ದಳು. ಅದೇ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ನಿದ್ದೆಯಲ್ಲಿದ್ದೆ. ಸೊಂಟದ ಮೂಳೆ ಮುರಿದಿತ್ತು. ಧಾರವಾಡದಲ್ಲಿ ಶಸ್ತ್ರಚಿಕಿತ್ಸೆ ಆಯಿತು.

ಆಸ್ಪತ್ರೆಯ ವರಾಂಡದಲ್ಲಿ ಕೂತು ನಾನು ಎಂಜಿನಿಯರ್ ಮಾಡುವ ಕೆಲಸ ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಒಂದು ಕೋಷ್ಟಕ ಹಾಕಿದೆ. ಬೆಂಗಳೂರಿನ ಮನೆ, ಅಕ್ಕನ ಮನೆ, ವೃದ್ಧಾಶ್ರಮ, ಲಕ್ಷಗಟ್ಟಲೆ ಠೇವಣಿ ಇಟ್ಟು ಸೇರುವ ಹಿರಿಯರ ವಸತಿ ಸಮುಚ್ಚಯ, ಹಗಲು ರಾತ್ರಿ ಇರುವ ನರ್ಸ್. ಖರ್ಚೆಷ್ಟು, ಆಸ್ಪತ್ರೆ ಎಷ್ಟು ದೂರ, ಊಟ ಹೇಗೆ ಎಂದೆಲ್ಲ ಅಂಕ ಕೊಟ್ಟೆ. ಅಕ್ಕನಿಗೆ ತೋರಿಸಿದೆ. ಆಕೆ ಓದಿದ್ದು ಇದೇ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ. ಪೂರ್ತಿ ನೋಡಿ ಒಂದೇ ಮಾತು ಕೇಳಿದಳು: "ತಮ್ಮಾ, ಇಷ್ಟೆಲ್ಲಾ ಬರದಿ. ಅವ್ವನ್ನ ಕೇಳಿದೇನು?"

ಕೇಳಿರಲಿಲ್ಲ. ಬೆಂಗಳೂರಿಗೆ ಕರೆದೊಯ್ಯುವಾಗಲೂ ಕೇಳಿರಲಿಲ್ಲ.

ಅವತ್ತು ಸಂಜೆ ಕೇಳಿದೆ. ಅವ್ವನ ಹತ್ತಿರ ಉತ್ತರ ತಯಾರಿತ್ತು. "ಹಗಲು ನನಗ ಯಾರೂ ಬ್ಯಾಡ, ಓಣಿ ತುಂಬ ಮಂದಿ ಅದಾರ. ರಾತ್ರಿ ಮಲಗಾಕ ಒಬ್ರು ಇರಲಿ. ಬಚ್ಚಲದಾಗ ಹಿಡಕೊಳ್ಳಾಕ ಒಂದು ಕಬ್ಬಿಣದ ಸರಳು ಹಾಕಸು. ಗುಳಿಗಿ ಯಾವುದು ಯಾವಾಗ ಅನ್ನೋದು ದೊಡ್ಡ ಅಕ್ಷರದಾಗ ಬರದು ಗ್ವಾಡಿಗಿ ಹಚ್ಚು." ನನ್ನ ಕೋಷ್ಟಕದ ಐದು ದಾರಿಗಳಲ್ಲಿ ಇದು ಒಂದೂ ಇರಲಿಲ್ಲ.

ಬಚ್ಚಲಿಗೆ ಜಾರದ ಫರಸಿ, ಗೋಡೆಗೆ ಎರಡು ಸರಳು, ಕೂತು ಎದ್ದೇಳಲು ಬರುವ ಕಮೋಡು, ಹಾಸಿಗೆಯಿಂದ ಕೈಗೆಟಕುವ ದೀಪದ ಸ್ವಿಚ್ಚು. ಎಲ್ಲ ಸೇರಿ ನನ್ನ ಫೋನಿನ ಬೆಲೆಗಿಂತ ಕಡಿಮೆ. ರಾತ್ರಿ ಮಲಗಲು ಓಣಿಯ ಒಬ್ಬ ತಾಯಿ ಬರುತ್ತಾರೆ. ಅವರಿಗೆ ತಿಂಗಳು ತಿಂಗಳು ತಪ್ಪದೆ ಸಂಬಳ ಕೊಡುತ್ತೇವೆ. ಇದು ಉಪಕಾರವಲ್ಲ, ಕೆಲಸ, ಅದಕ್ಕೆ ಪಗಾರ ಇರಲೇಬೇಕು.

ಇದೇ ಎಲ್ಲರಿಗೂ ಸರಿ ಎಂದು ನಾನು ಹೇಳುವುದಿಲ್ಲ. ನಾಳೆ ಅವ್ವನಿಗೆ ಮರೆವು ಬಂದರೆ ಈ ವ್ಯವಸ್ಥೆ ಸಾಲದು. ವಯಸ್ಸಾದವರ ಮರೆವನ್ನು 'ಅರುಳು ಮರುಳು' ಎಂದು ಬಿಡಬೇಡಿರಿ. ಧಾರವಾಡದಲ್ಲಿ ನಮ್ಮ ಹತ್ತಿರವೇ ಡಿಮ್ಹಾನ್ಸ್ ಇದೆ, ತೋರಿಸಿರಿ. ವೃದ್ಧಾಶ್ರಮ ಎಂಬುದೂ ಬೈಗುಳವಲ್ಲ. ಯಾರೂ ಇಲ್ಲದವರಿಗೆ ಅದು ಮರ್ಯಾದೆಯ ನೆಲೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಲ್ಲಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗಾಗುವಷ್ಟು ದೊಡ್ಡ ವೃದ್ಧಾಶ್ರಮದ ಮಾತಿದೆ. ಕೇಳದೆ ಒಯ್ದು ಬಿಟ್ಟರೆ ಮಾತ್ರ ಅದು ಶಿಕ್ಷೆ. ಕೇಳದೆ ಒಯ್ದರೆ ಮಗನ ಮನೆಯೂ ಶಿಕ್ಷೆಯೇ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಇಲ್ಲಿ ಕೂತಿರುವ ಹಿರಿಯರಿಗೆ ಇನ್ನೊಂದು ಮಾತು. ಮನೆ, ಹೊಲ ಮಕ್ಕಳ ಹೆಸರಿಗೆ ಮಾಡಿಕೊಡುವ ಅವಸರ ಬೇಡ. ದಾನಪತ್ರ ಮಾಡಲೇಬೇಕೆಂದರೆ, 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಕರಾರನ್ನು ಪತ್ರದೊಳಗೇ ಬರೆಸಿರಿ. ಕರಾರು ಇದ್ದು ಮಕ್ಕಳು ನೋಡಿಕೊಳ್ಳದಿದ್ದರೆ ಅದೇ ಕಾಯ್ದೆಯ 23ನೇ ಕಲಮಿನ ಕೆಳಗೆ ಆ ಪತ್ರವನ್ನು ರದ್ದು ಮಾಡಿಸಬಹುದು. ಕರಾರು ಇಲ್ಲದಿದ್ದರೆ ಕಷ್ಟ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಬಾಯಿಮಾತನ್ನು ನಂಬಿ ಕೂಡಬೇಡಿರಿ. ಜೀವನಾಂಶದ ಅರ್ಜಿ ಕೇಳುವ ನ್ಯಾಯಮಂಡಳಿ ಉಪವಿಭಾಗಾಧಿಕಾರಿಗಳ ಮಟ್ಟದಲ್ಲಿದೆ. ತಿಂಗಳಿಗೆ 10,000 ರೂಪಾಯಿಯವರೆಗೆ ಕೊಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ಹಕ್ಕುದಾರರಾಗುವ ಬಂಧುಗಳಿಂದಲೂ ಕೇಳಬಹುದು. ದಾರಿ ತಿಳಿಯದಿದ್ದರೆ 14567ಕ್ಕೆ ಫೋನ್ ಮಾಡಿರಿ. ಅದು ಹಿರಿಯರಿಗಾಗಿಯೇ ಇರುವ ಉಚಿತ ಸಹಾಯವಾಣಿ.

ಆದರೆ ಯಾವ ತಾಯಿ ಮಗನ ಮೇಲೆ ಅರ್ಜಿ ಹಾಕುತ್ತಾಳೆ? ನಮ್ಮ ಊರ ತಾಯಂದಿರು ಉಪವಾಸ ಇದ್ದರೂ "ನನ್ನ ಮಗ ಚಲೋ ನೋಡಕೋತಾನ" ಎಂದೇ ಹೇಳುತ್ತಾರೆ. ಅದಕ್ಕೇ ಈ ಮಾತು ಕಚೇರಿಗೆ ಹೋಗುವ ಮೊದಲೇ ಮನೆಯ ಪಡಸಾಲೆಯಲ್ಲಿ ಮುಗಿಯಬೇಕು.

ಗೆಳೆಯರೇ, ನನ್ನ ಹಾಗೆ ನೀವೂ ನಾಳೆ ರಾತ್ರಿ ಬಸ್ಸಿಗೋ ರೈಲಿಗೋ ತಿರುಗಿ ಹೊರಟವರು. ಹೋಗುವ ಮುಂಚೆ ಅಪ್ಪ-ಅವ್ವನ ಪಕ್ಕದಲ್ಲಿ ಕೂತು ಮೂರು ಮಾತು ಕೇಳಿರಿ. ದಿನದ ಯಾವ ಹೊತ್ತು ನಿಮಗೆ ಕಠಿಣ? ಎಲ್ಲಿ ಇರಲು ಮನಸ್ಸು? ನಡುರಾತ್ರಿ ಏನಾದರೂ ಆದರೆ ಮೊದಲು ಯಾರನ್ನು ಕೂಗುತ್ತೀರಿ? ಮೂರನೆಯದಕ್ಕೆ ಬರುವ ಹೆಸರು ನಿಮ್ಮದಾಗಿರುವುದಿಲ್ಲ, ನೆರೆಮನೆಯವರದಾಗಿರುತ್ತದೆ. ಅವರ ನಂಬರು ನಿಮ್ಮ ಫೋನಿನಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳಿರಿ. ನನ್ನ ಹತ್ತಿರ ಇರಲಿಲ್ಲ.

ಕೊನೆಗೆ ಒಂದು ಬಿನ್ನಹ. ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ಏನಾದರೂ ಕಾಣಿಕೆ ಕೊಡಬೇಕೆಂದು ಮಾತಾಡಿದ್ದೇವೆ. ಕಂಪ್ಯೂಟರ್ ಬರಲಿ, ಪುಸ್ತಕ ಬರಲಿ. ಅದರ ಜೊತೆಗೆ ಊರಲ್ಲಿ ಒಂದು ಕಪಾಟು ಇರಲಿ. ವಾಕರ್, ಗಾಲಿಕುರ್ಚಿ, ಕಮೋಡು ಕುರ್ಚಿ ಅದರಲ್ಲಿರಲಿ. ಬೇಕಾದವರು ಒಯ್ಯಲಿ, ಕೆಲಸ ಮುಗಿದ ಮೇಲೆ ತಂದಿಡಲಿ, ಪುಸ್ತಕದಲ್ಲಿ ಹೆಸರು ಬರೆದರೆ ಸಾಕು. ಇಂಥ ಸಾಮಾನು ಒಂದು ಮನೆಯಲ್ಲಿ ಮೂರು ತಿಂಗಳು ಬೇಕಾಗುತ್ತದೆ, ಆಮೇಲೆ ಅಟ್ಟ ಸೇರುತ್ತದೆ. ಅಷ್ಟರಲ್ಲಿ ಪಕ್ಕದ ಓಣಿಯವರು ಹೊಸದನ್ನು ಕೊಂಡಿರುತ್ತಾರೆ, ಇಲ್ಲವೇ ಕೊಳ್ಳಲಾಗದೆ ಹಾಸಿಗೆ ಹಿಡಿದಿರುತ್ತಾರೆ.

ಅವ್ವ ಈಗ ಕೋಲು ಹಿಡಿದು ನಡೆಯುತ್ತಾಳೆ. ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ಆಕೆಯ ವಾಕರನ್ನು ಇವತ್ತು ಒರೆಸಿ ತಂದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಇಟ್ಟಿದ್ದೇನೆ. ಈ ಸಲ ಆಕೆಯನ್ನು ಕೇಳಿಯೇ ತಂದಿದ್ದೇನೆ.