ಸೂಜಿಗೆ ಮತ್ತೆ ದಾರ ಪೋಣಿಸೋಣ

(ನಮ್ಮ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ವಾರಕ್ಕೆ ಸಿಗುವ ಒಂದು ರಜೆಯನ್ನು ಬಿಟ್ಟುಕೊಟ್ಟು ಇಲ್ಲಿಗೆ ಬಂದಿದ್ದೀರಿ. ಹಾಗಾಗಿ ಉಪಯೋಗಕ್ಕೆ ಬರುವ ಮಾತನ್ನೇ ಆಡ್ತೀನಿ.

ಸಂಬಳ, ಪರ್ಮಿಟ್, ಏಜೆನ್ಸಿ ಸಾಲ ಇವುಗಳ ಬಗ್ಗೆ ಈ ವೇದಿಕೆಯಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಇವತ್ತಿನ ವಿಷಯ ಹೊಲಿಗೆ, ಅದರಲ್ಲೂ ಕೌದಿ. "ಇದೇನು ದೊಡ್ಡ ವಿಷಯ" ಅನ್ನಬೇಡಿ. ನಿಮ್ಮಲ್ಲಿ ಎಷ್ಟೋ ಜನ ಊರಲ್ಲಿ ಹೊಲಿಯುತ್ತಿದ್ದವರು. ಅವ್ವನ ಜೊತೆ ಕೌದಿಗೆ ಕೂತವರು, ರವಿಕೆ ಹೊಲಿದು ಮನೆ ನಡೆಸಿದವರು, ಟೈಲರ್ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕಿದವರು ಇದ್ದೀರಿ. ಇಲ್ಲಿಗೆ ಬಂದು ಎರಡು ವರ್ಷ ಆಗುವಷ್ಟರಲ್ಲಿ "ಅದೆಲ್ಲಾ ಈಗ ಬಿಟ್ಟೇ ಹೋಯ್ತು, ಮನಸ್ಸೇ ಬರಲ್ಲ" ಅಂತೀರಿ. ಈ ಮಾತನ್ನು ನಾವು ಹಗುರವಾಗಿ ತಗೊಳ್ಳಬಾರದು.

ಮನಸ್ಸು ಯಾಕೆ ಬರಲ್ಲ?

ಸೋಮಾರಿತನಕ್ಕೆ ಅಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ರಾತ್ರಿ ಹತ್ತಕ್ಕೆ ಮಲಗುವವರನ್ನು ಸೋಮಾರಿ ಅಂತ ಯಾರೂ ಅನ್ನೋದಿಲ್ಲ. ನಿಜವಾದ ಕಾರಣಗಳು ಬೇರೆ.

ಮೊದಲನೆಯದು ದಣಿವು. ಎರಡನೆಯದು ಜಾಗ. ಊರಲ್ಲಿ ಕಟ್ಟೆ ಇತ್ತು, ಪಡಸಾಲೆ ಇತ್ತು, ಕೌದಿ ಹಾಸಿಕೊಂಡು ನಾಲ್ಕು ಜನ ಕೂರಬಹುದಿತ್ತು. ಇಲ್ಲಿ ಒಂದು ಮಂಚ, ಒಂದು ಕಪಾಟು, ಅಷ್ಟೇ. ಮೂರನೆಯದು, ಜೊತೆ ಇಲ್ಲ. ಕೌದಿ ಒಬ್ಬರೇ ಕೂತು ಮಾಡುವ ಕೆಲಸ ಅಲ್ಲವೇ ಅಲ್ಲ. ಮಾತು, ಹಾಡು, ಜಗಳ ಎಲ್ಲಾ ಅದರ ಹೊಲಿಗೆಯೊಳಗೇ ಸೇರಿರುತ್ತೆ. ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. "ಇದರಿಂದ ದುಡ್ಡು ಬರಲ್ಲ, ಮತ್ತೆ ಯಾಕೆ?" ಅನ್ನುವ ಲೆಕ್ಕ. ಸಾಲ ತಲೆ ಮೇಲಿರುವಾಗ ಪ್ರತಿ ಗಂಟೆಯನ್ನೂ ಡಾಲರಿನಲ್ಲಿ ಅಳೆಯುವ ಅಭ್ಯಾಸ ಬಂದುಬಿಡುತ್ತೆ. ಆಗ ಇಷ್ಟದ ಕೆಲಸವೂ ದಂಡ ಅನ್ನಿಸುತ್ತೆ.

ಇಲ್ಲಿ ಒಂದು ಎಚ್ಚರಿಕೆ. ಹೊಲಿಗೆ ಒಂದೇ ಬೇಡವಾಗಿದ್ದರೆ ಅದು ದಣಿವು, ಬೇಸರ. ಆದರೆ ಊಟ ಬೇಡ, ನಿದ್ದೆ ಇಲ್ಲ, ಮಕ್ಕಳ ಫೋನ್ ಬಂದರೂ ಎತ್ತೋದು ಬೇಡ, ಬದುಕೋದೇ ಬೇಡ ಅನ್ನಿಸ್ತಾ ಎರಡು ವಾರ ಕಳೆದಿದ್ದರೆ, ಅದು ಕಾಯಿಲೆ ಇರಬಹುದು. ಅದಕ್ಕೆ ಸೂಜಿದಾರ ಔಷಧಿ ಅಲ್ಲ. ವೈದ್ಯರ ಹತ್ತಿರ ಹೋಗಬೇಕು. ಜೀವ ಕಳೆದುಕೊಳ್ಳುವ ಯೋಚನೆ ಬಂದರೆ ಎರಡು ವಾರ ಕಾಯಲೇಬೇಡಿ. ಯಾವ ಹೊತ್ತಿನಲ್ಲಾದರೂ 1767ಕ್ಕೆ ಕರೆ ಮಾಡಿ. ಅದು ಸಮಾರಿಟನ್ಸ್ ಆಫ್ ಸಿಂಗಾಪುರ್ ಸಂಸ್ಥೆಯ ಸಹಾಯವಾಣಿ. ಮನೆಗೆಲಸದವರು ತೊಂದರೆ ಹೇಳಿಕೊಳ್ಳಲು ಸೆಂಟರ್ ಫಾರ್ ಡೊಮೆಸ್ಟಿಕ್ ಎಂಪ್ಲಾಯೀಸ್ ಇದೆ, ನಂಬರ್ 1800 2255 233. ಈ ಎರಡೂ ನಂಬರನ್ನು ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ.

ಇದೇ ಊರಿನ ಒಂದು ಕಥೆ

ನಾವು ವಿಮಾನ ಇಳಿಯುವ ಚಾಂಗಿಯ ಹೆಸರು ಎಲ್ಲರಿಗೂ ಗೊತ್ತು. ಅದೇ ಚಾಂಗಿಯಲ್ಲಿ ಒಂದು ಜೈಲಿದೆ. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ಕೈಗೆ ಹೋಯಿತು. ಮಾರ್ಚ್ ತಿಂಗಳಲ್ಲಿ ಸುಮಾರು 400 ಹೆಂಗಸರು, ಮಕ್ಕಳನ್ನು ಆ ಜೈಲಿಗೆ ಹಾಕಿದರು. ಗಂಡಂದಿರು ಅದೇ ಜೈಲಿನ ಇನ್ನೊಂದು ಭಾಗದಲ್ಲಿ, ಇಲ್ಲವೇ ಹತ್ತಿರದ ಸೈನಿಕ ಶಿಬಿರದಲ್ಲಿ. ಆದರೆ ಭೇಟಿ ಇಲ್ಲ, ಕಾಗದ ಇಲ್ಲ. ಬದುಕಿದ್ದಾರೋ ಇಲ್ಲವೋ ಅನ್ನೋದೂ ಗೊತ್ತಿಲ್ಲ.

ಅಲ್ಲಿ ಎಥೆಲ್ ಮುಲ್ವಾನಿ ಅನ್ನುವ ಕೆನಡಾ ದೇಶದ ಹೆಂಗಸು ಒಂದು ಉಪಾಯ ಹೂಡಿದರು. ಪ್ರತಿಯೊಬ್ಬರೂ ಆರು ಇಂಚಿನ ಒಂದೊಂದು ಚೌಕ ಬಟ್ಟೆ ತಗೊಂಡು, ಅದರ ಮೇಲೆ ತಮ್ಮ ಹೆಸರು ಮತ್ತು ತಮಗೆ ಇಷ್ಟವಾದ ಏನಾದರೂ ಒಂದನ್ನು ಕಸೂತಿ ಹಾಕಬೇಕು. ಅವನ್ನೆಲ್ಲಾ ಕೂಡಿಸಿ ಗಾಯಾಳು ಸೈನಿಕರ ಆಸ್ಪತ್ರೆಗೆ ಹೊದಿಕೆ ಮಾಡಿ ಕಳಿಸೋದು. ಹೀಗೆ ಬ್ರಿಟಿಷರಿಗೆ ಒಂದು, ಆಸ್ಟ್ರೇಲಿಯದವರಿಗೆ ಒಂದು ಹೊದಿಕೆ ತಯಾರಾಯಿತು. ಕಾವಲಿನವರು ತಡೆಯಬಾರದು ಅಂತ ಜಪಾನಿ ಗಾಯಾಳುಗಳಿಗೂ ಒಂದು ಹೊಲಿದರು. ಒಂದೊಂದರಲ್ಲಿ 66 ಚೌಕ. ಒಬ್ಬಳು ಹೂ ಹಾಕಿದಳು, ಒಬ್ಬಳು ಹಡಗು, ಇನ್ನೊಬ್ಬಳು ಬಿಟ್ಟುಬಂದ ಮನೆ. ಹೆಸರು ಓದಿದ ಗಂಡನಿಗೆ ಗೊತ್ತಾಗುತ್ತಿತ್ತು, ನನ್ನ ಹೆಂಡತಿ ಇನ್ನೂ ಇದ್ದಾಳೆ ಅಂತ. ಆಸ್ಟ್ರೇಲಿಯದ ಮತ್ತು ಜಪಾನಿನ ಹೊದಿಕೆಗಳು ಇವತ್ತಿಗೂ ಆಸ್ಟ್ರೇಲಿಯದ ಯುದ್ಧ ಸ್ಮಾರಕದಲ್ಲಿವೆ. ಬ್ರಿಟಿಷರದ್ದು ಬ್ರಿಟಿಷ್ ರೆಡ್ ಕ್ರಾಸ್ ಬಳಿ ಇದೆ. ಅದೇ ಜೈಲಿನ ಪುಟ್ಟ ಹುಡುಗಿಯರೂ ತುಂಡು ಬಟ್ಟೆಗಳನ್ನು ಆರು ಮೂಲೆಯ ಆಕಾರಕ್ಕೆ ಕತ್ತರಿಸಿ, ತಮಗೆ ಗೈಡ್ಸ್ ತರಬೇತಿ ಕೊಡುತ್ತಿದ್ದ ಎಲಿಜಬೆತ್ ಎನ್ನಿಸ್ ಅವರಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಹೊದಿಕೆ ಹೊಲಿದರು. ಅದು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ.

ನಾವು ಜೈಲಿನಲ್ಲಿಲ್ಲ, ನಮ್ಮ ಕೈಯಲ್ಲಿ ಫೋನಿದೆ. ಹಾಗಾಗಿ ಆ ಕಷ್ಟವನ್ನೂ ನಮ್ಮ ಕಷ್ಟವನ್ನೂ ಒಂದೇ ತಕ್ಕಡಿಗೆ ಹಾಕೋದು ಬೇಡ. ಕಲಿಯಬೇಕಾದ್ದು ಇಷ್ಟು: ಅವರು ಮನಸ್ಸು ಸರಿಹೋಗಲಿ, ಆಮೇಲೆ ಹೊಲಿಯೋಣ ಅಂತ ಕಾಯಲಿಲ್ಲ. ಒಬ್ಬೊಬ್ಬರಿಗೆ ಒಂದೇ ಚೌಕ ಹಂಚಿಕೊಂಡರು. ಆರು ಇಂಚಿಗೆ ಎಷ್ಟು ಮನಸ್ಸು ಬೇಕೋ ಅಷ್ಟು ಎಂಥಾ ಹೊತ್ತಿನಲ್ಲೂ ಇರುತ್ತೆ.

ನಮ್ಮ ಕೌದಿ ಏನು ಹೇಳುತ್ತೆ

ಧಾರವಾಡ, ಗದಗ, ಬಾಗಲಕೋಟೆ ಕಡೆಯವರಿಗೆ ಕೌದಿ ಬಗ್ಗೆ ಹೇಳಬೇಕಾಗಿಲ್ಲ. ಹಳೇ ಸೀರೆ, ಹಳೇ ಧೋತರ ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ದಪ್ಪ ದಾರದಲ್ಲಿ ಸಾಲು ಸಾಲಾಗಿ ಹೊಲಿಯೋದು. ಕೂಸಿಗೆ ಒಂದು, ಬಾಣಂತಿಗೆ ಒಂದು. ಅಜ್ಜಿ ಉಟ್ಟ ಇಳಕಲ್ ಸೀರೆ ಮೊಮ್ಮಗಳ ಮೈಮೇಲೆ ಮತ್ತೆ ಬರೋದು ಹೀಗೇ. ಬಟ್ಟೆ ಹರಿಯಿತು ಅಂದರೆ ಅದರ ಕೆಲಸ ಮುಗಿಯಿತು ಅಂತ ನಮ್ಮವರು ಎಂದೂ ತಿಳಿಯಲಿಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಾಡಿನ ಸೀಮೆಯಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಬಹಳಷ್ಟು ಮಂದಿಯನ್ನು ಗುಲಾಮರಾಗಿಯೇ ತಂದಿದ್ದರು. ಅಲ್ಲಿಯ ಹೆಂಗಸರು ಹೊಲಿಯುವ ಕವಂದಿ ಇವತ್ತು ದೇಶವಿದೇಶದ ಪ್ರದರ್ಶನಗಳಲ್ಲಿ ನಿಂತಿದೆ. ಅವರ ಪದ್ಧತಿ ನೋಡಿ. ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ. ಅಂಚಿನಲ್ಲಿ ಶುರು ಮಾಡಿ, ಕೈಗೆ ಸಿಕ್ಕ ತುಂಡನ್ನು ಕೂಡಿಸುತ್ತಾ, ಸುತ್ತು ಸುತ್ತಾಗಿ ಒಳಗೆ ಬರುತ್ತಾ ನಡುವಿನಲ್ಲಿ ಮುಗಿಸುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ಹೂ ಇಟ್ಟರೇನೇ ಪೂರ್ತಿ ಆದಂತೆ.

ಬಿಟ್ಟ ಹೊಲಿಗೆಗೆ ಮರಳುವವರಿಗೆ ಈ ದಾರಿಯೇ ಸರಿ. ಪೂರ್ತಿ ಕೌದಿ ಕಣ್ಣಮುಂದೆ ಇಟ್ಟುಕೊಂಡರೆ ಎದೆ ಒಡೆಯುತ್ತೆ. ಅಂಚಿನಿಂದ ಶುರು ಮಾಡಿ, ಮುಂದಿನ ತುಂಡು ಯಾವುದು ಅನ್ನೋದಷ್ಟೇ ಯೋಚಿಸಿ.

ಶುರು ಮಾಡೋದು ಹೇಗೆ?

ಒಂದು. ಮೊದಲು ಸಾಮಾನು ಕೊಳ್ಳಬೇಡಿ. ಹಳೇ ಹತ್ತಿ ದುಪಟ್ಟಾ, ಹರಿದ ದಿಂಬಿನ ಚೀಲ, ಸವೆದ ಲುಂಗಿ ಸಾಕು. ಮಾಲೀಕರ ಮನೆಯ ಹಳೇ ಬಟ್ಟೆಯಾದರೆ ಕೇಳಿಯೇ ತಗೊಳ್ಳಿ. ಕಸಕ್ಕೆ ಹಾಕಿದ್ದು ಅಂತ ನೀವೇ ತೀರ್ಮಾನಿಸಬೇಡಿ. ಸೂಜಿ, ದಾರ, ಕತ್ತರಿ ಇಷ್ಟನ್ನು ಮಾತ್ರ ಕೊಳ್ಳಿ. ಬಟ್ಟೆ ಬೇಕೇ ಬೇಕಾದರೆ ಅರಬ್ ಸ್ಟ್ರೀಟಿನಲ್ಲಿ ಸಾಲು ಅಂಗಡಿಗಳಿವೆ. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನ ಮೇಲಿನ ಮಹಡಿಯಲ್ಲಿ ಟೈಲರುಗಳಿದ್ದಾರೆ. ಕತ್ತರಿಸಿ ಉಳಿದ ತುಂಡು ಇದ್ದರೆ ಕೊಡ್ತೀರಾ ಅಂತ ಕೇಳಿ ನೋಡಿ.

ಎರಡು. ಒಂಬತ್ತು ಇಂಚಿನ ಚೌಕ ಕತ್ತರಿಸಿ, ಅಂದರೆ ಹೆಚ್ಚುಕಡಿಮೆ ಒಂದು ಗೇಣು. ಸುತ್ತ ಅರ್ಧ ಇಂಚು ಹೊಲಿಗೆಗೆ ಹೋದರೆ ಎಂಟು ಇಂಚು ಉಳಿಯುತ್ತೆ. ಅಡ್ಡ ನಾಲ್ಕು, ಉದ್ದ ನಾಲ್ಕು, ಒಟ್ಟು 16 ಚೌಕ ಕೂಡಿಸಿದರೆ 32 ಇಂಚಿನ ಕೂಸಿನ ಕೌದಿ. ವಾರಕ್ಕೆ ಒಂದು ಚೌಕದ ಮೇಲೆ ಕೈ ಓಡಿಸಿದರೂ ನಾಲ್ಕು ತಿಂಗಳೊಳಗೆ ಚೌಕಗಳು ತಯಾರು.

ಮೂರು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ರಾತ್ರಿ ಮಂದ ಬೆಳಕಿನಲ್ಲಿ ಕಣ್ಣಿಗೆ ಶ್ರಮ ಕೊಡಬೇಡಿ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರದ ಕೆಲಸವನ್ನು ಹಗಲಿಗೆ ಇಟ್ಟುಕೊಳ್ಳಿ. ದಾರ ಒಂದು ಮೊಳಕ್ಕಿಂತ ಸ್ವಲ್ಪ ಉದ್ದ ಇರಲಿ. ಹೆಚ್ಚಾದರೆ ಗಂಟು ಬಿದ್ದು ಇರುವ ಉತ್ಸಾಹವೂ ಹೋಗುತ್ತೆ. ಹೊಲಿಗೆ ಸೊಟ್ಟಗಾದರೆ ಬಿಚ್ಚಬೇಡಿ, ಮುಂದೆ ಹೋಗಿ. ಕೈ ತಾನೇ ನೆನಪು ಮಾಡಿಕೊಳ್ಳುತ್ತೆ.

ನಾಲ್ಕು. ಸಿಂಗಾಪುರದ ಹವಾ ಗೊತ್ತಲ್ಲ, ವರ್ಷವಿಡೀ ತೇವ. ಸೂಜಿ ತುಕ್ಕು ಹಿಡಿದು ಬಟ್ಟೆಗೆ ಕಲೆ ಬೀಳುತ್ತೆ. ಮುಚ್ಚಳದ ಡಬ್ಬಿಯಲ್ಲಿ, ಬೂಟಿನ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಸಣ್ಣ ಪೊಟ್ಟಣದ ಜೊತೆ ಇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸೂಜಿ ಎಣಿಸಿ ತೆಗೆಯಿರಿ, ಎಣಿಸಿ ಇಡಿ.

ಐದು, ಒಬ್ಬರೇ ಕೂರಬೇಡಿ. ಭಾನುವಾರ ಪಾರ್ಕಿನಲ್ಲೋ ಇಲ್ಲಿಯೋ ನಾಲ್ಕು ಜನ ಸೇರಿ. ಹೊಸದಾಗಿ ಕಲಿಯಬೇಕು ಅನ್ನುವವರು ಫಾಸ್ಟ್, ಹೋಮ್ ಸಂಸ್ಥೆಗಳಲ್ಲಿ ಮನೆಗೆಲಸದವರಿಗಾಗಿ ನಡೆಯುವ ತರಗತಿಗಳ ಬಗ್ಗೆ ವಿಚಾರಿಸಿ. ಹೊಲಿಗೆ ತರಗತಿ ಈ ಸಲ ಇದೆಯಾ, ಶುಲ್ಕ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ಮರೆಯಬಾರದ ನಿಯಮಗಳು

ರಜೆ ನಿಮ್ಮ ಹಕ್ಕು. ಮನೆಗೆಲಸದವರಿಗೆ ವಾರಕ್ಕೊಂದು ರಜೆಯ ನಿಯಮ 2013ರ ಜನವರಿಯಿಂದಲೇ ಇದೆ. ದುಡ್ಡು ತಗೊಂಡು ರಜೆ ಬಿಟ್ಟುಕೊಡಲು ಒಪ್ಪಬಹುದು. ಆದರೆ 2023ರ ಜನವರಿ 1ರಿಂದ ತಿಂಗಳಿಗೆ ಒಂದು ರಜೆಯನ್ನು ದುಡ್ಡಿಗೆ ಬದಲಾಯಿಸುವ ಹಾಗಿಲ್ಲ, ಕೊಡಲೇಬೇಕು. ಕನಿಷ್ಠ ಆ ಒಂದು ದಿನವನ್ನಾದರೂ ನಿಮಗಾಗಿ ಇಟ್ಟುಕೊಳ್ಳಿ.

ಹೊಲಿದಿದ್ದನ್ನು ಇಲ್ಲಿ ಮಾರಬೇಡಿ. ಈ ಮಾತಿಗೆ ಕಿವಿಗೊಡಿ. ವರ್ಕ್ ಪರ್ಮಿಟ್ ಇರುವವರು ಅದರಲ್ಲಿ ಹೆಸರಿರುವ ಮಾಲೀಕರ ಕೆಲಸ ಮಾತ್ರ ಮಾಡಬಹುದು. ಗೆಳತಿಯ ರವಿಕೆಗೆ ಹತ್ತು ಡಾಲರ್ ತಗೊಳ್ಳೋದು, ಫೋನಿನಲ್ಲಿ ಫೋಟೋ ಹಾಕಿ ಆರ್ಡರ್ ಹಿಡಿಯೋದು ಸಣ್ಣ ವಿಷಯ ಅನ್ನಿಸಬಹುದು. ಆದರೆ ದಂಡ ಬೀಳಬಹುದು, ಪರ್ಮಿಟ್ ರದ್ದಾಗಬಹುದು. ಹತ್ತು ಡಾಲರಿಗೆ ಮನೆಯವರ ಅನ್ನ ಕಳೆದುಕೊಳ್ಳಬೇಡಿ. ಮನೆಗೆಲಸಕ್ಕೆ ಬಂದವರನ್ನು ಮಾಲೀಕರೇ ತಮ್ಮ ಅಂಗಡಿಯಲ್ಲಿ ಹೊಲಿಯಲು ಕೂರಿಸಿದರೆ ಅದೂ ತಪ್ಪು. ಆಗ ಮೇಲೆ ಹೇಳಿದ 1800 ನಂಬರಿಗೆ ಫೋನ್ ಮಾಡಿ. ನಿಮಗಾಗಿ, ಮಕ್ಕಳಿಗಾಗಿ ಹೊಲಿಯೋದಕ್ಕೆ, ಉಡುಗೊರೆ ಕೊಡೋದಕ್ಕೆ ಯಾರ ಅಡ್ಡಿಯೂ ಇಲ್ಲ.

ಕೊನೆಯದು ಜೀವದ ಮಾತು. ಕೌದಿ ಒಣಗಿದ್ದಾಗ ಹಗುರ, ನೆನೆದಾಗ ಕಲ್ಲು. ಎತ್ತರದ ಫ್ಲ್ಯಾಟಿನ ಕಿಟಕಿಯ ಹೊರಗೆ ಬಿದಿರಿನ ಕೋಲಿಗೆ ಒದ್ದೆ ಕೌದಿ ಹಾಕಿ ಚಾಚಬೇಡಿ. ತೂಕ ನಿಮ್ಮನ್ನೇ ಎಳೆಯುತ್ತೆ. ಸ್ಟೂಲ್ ಹತ್ತಬೇಡಿ, ಕಿಟಕಿಗೆ ಬಗ್ಗಬೇಡಿ. ಒಳಗಡೆ ಸ್ಟ್ಯಾಂಡಿನ ಮೇಲೆ ಹರಡಿ ಫ್ಯಾನ್ ಹಾಕಿ ಒಣಗಿಸಿ. ಕಿಟಕಿಯ ಹೊರಭಾಗ ಒರೆಸುವಾಗಲೂ ಮಾಲೀಕರ ಕಡೆಯವರು ಎದುರಿಗಿರಬೇಕು, ಗ್ರಿಲ್ ಬೀಗ ಹಾಕಿರಬೇಕು ಅನ್ನೋದು ಸರ್ಕಾರದ ನಿಯಮ. "ಇಲ್ಲ, ನಾನು ಮಾಡಲ್ಲ" ಅನ್ನುವ ಹಕ್ಕು ನಿಮಗಿದೆ.

ಊರಿಗೆ ಹೋಗುವಾಗ ಕತ್ತರಿ, ಸೂಜಿ ಕೈಚೀಲದಲ್ಲಿ ಇಟ್ಟುಕೊಳ್ಳದೆ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಹಾಕಿ.

ಬಂಧುಗಳೇ, ನಮ್ಮನ್ನು ಇಲ್ಲಿ "ಹೆಲ್ಪರ್" ಅಂತಾರೆ, "ವರ್ಕರ್" ಅಂತಾರೆ. ಆ ಹೆಸರಿನಲ್ಲಿ ಅವಮಾನ ಏನಿಲ್ಲ, ದುಡಿದು ತಿನ್ನುತ್ತಿದ್ದೇವೆ. ಆದರೆ ಅದಕ್ಕೂ ಮೊದಲಿನಿಂದ ನಿಮ್ಮ ಕೈಗೆ ಒಂದು ವಿದ್ಯೆ ಗೊತ್ತಿತ್ತು. ಅದು ಯಾವ ಪರ್ಮಿಟ್ಟಿನಲ್ಲೂ ಬರೆದಿಲ್ಲ, ಅವಧಿ ಮುಗಿಯಿತು ಅಂತ ಯಾರೂ ವಾಪಸ್ ತಗೊಳ್ಳೋದಕ್ಕೂ ಆಗಲ್ಲ. ಫೋನಿನಲ್ಲಿ ಮುಖ ನೋಡುತ್ತಾ ಬೆಳೆಯುತ್ತಿರುವ ನಿಮ್ಮ ಮಗುವಿಗೆ ನಿಮ್ಮ ಕೈಯ ಹೊಲಿಗೆ ಹೊದೆಯಲು ಸಿಗಲಿ. ಮುಂದಿನ ಭಾನುವಾರ ಬರುವಾಗ ಒಂದು ಗೇಣು ಬಟ್ಟೆ ತನ್ನಿ. ಸೂಜಿದಾರ ವೇದಿಕೆಯಲ್ಲೇ ಇರುತ್ತೆ.